ಸೆರಗಿನೊಳಗಿನ ಗಾಳಿ

ಮೊನ್ನೆ ಪೆರೇಸಂದ್ರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆ ಬದಿಯ ಕಾಂಗ್ರೆಸ್ ಗಿಡವನ್ನು ಯಾರೋ ಕುಡುಗೋಲಿನಲ್ಲಿ ಕೊಯ್ದು ರಾಶಿ ಹಾಕುತ್ತಿದ್ದರು. ಆ ಹಸಿ ಕಹಿ ವಾಸನೆ ಮೂಗಿಗೆ ಬಡಿದು ದೂರ ಸರಿದು ನಿಂತೆ. ಗಿಡದ ಮೇಲೆ ನನಗೆ ಸಿಟ್ಟಿಲ್ಲ. ದೇವರು ಹುಟ್ಟಿಸಿದ್ದು, ಬೆಳೆಯುತ್ತದೆ. ವಾಕರಿಕೆ ಬರುವುದು ಆ ವಾಸನೆಯ ಜೊತೆಗೇ ನೆನಪಾಗುವ ಒಂದು ನಗುಮುಖದಿಂದ. ಆದರೆ ನಾನು ಬರೆಯಲು ಕೂತಿರುವುದು ಆ ಮನುಷ್ಯನ ಬಗ್ಗೆ ಅಲ್ಲ, ನಮ್ಮ ಬೀದಿಯ ಇಸ್ತ್ರಿ ಅಕ್ಕನ ಬಗ್ಗೆ.

ಚಿಂತಾಮಣಿಯ ನಮ್ಮ ಮನೆಯ ಎದುರಿಗೆ ಒಂದು ಖಾಲಿ ಸೈಟು, ಅದರ ಅಂಚಿನಲ್ಲಿ ಅಕ್ಕನ ಗಾಡಿ. ಮಳೆ ಬಿದ್ದರೆ ಸಾಕು, ಸೈಟಿನ ತುಂಬ ಸೊಂಟದೆತ್ತರ ಕಾಂಗ್ರೆಸ್ ಗಿಡ ಎದ್ದು, ನುಚ್ಚು ಚೆಲ್ಲಿದ ಹಾಗೆ ಬಿಳಿ ಹೂ ಬಿಡುತ್ತಿತ್ತು. ನಾವೆಲ್ಲ ಕಿಟಕಿ ಹಾಕಿಕೊಳ್ಳುತ್ತಿದ್ದೆವು. ಅಕ್ಕನಿಗೆ ಎಲ್ಲಿಯ ಕಿಟಕಿ? ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲೇ ನಿಲ್ಲಬೇಕು. ಕತ್ತು, ಮೊಣಕೈ ಕೆರೆದು ಕೆರೆದು ಚರ್ಮ ದಪ್ಪಗಾಗಿ ಕಪ್ಪಗಾಗಿತ್ತು. ಮಾತಿನ ನಡುವೆ ಎದೆ ಸುಯ್ಯೆನ್ನುತ್ತಿತ್ತು.

"ಬಟ್ಟೆ ಸುಕ್ಕು ತೆಗೀತೀನಿ ಕಣಮ್ಮ, ಈ ಕತ್ತಿನ ಸುಕ್ಕಿಗೆ ಯಾವ ಪೆಟ್ಟಿಗೆ ಇಕ್ಕಲಿ?" ಎಂದು ನಗುತ್ತಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಬಾಯಿಗೆ ಹೊಡೆದುಕೊಳ್ಳುವ ಪಂಪು ಸಿಗುತ್ತಿತ್ತು, ಅದೊಂದು ಪುಣ್ಯ.

ಸೈಟು ಬೀದಿ ತುದಿಯ ದೊಡ್ಡ ಮನೆಯ ಯಜಮಾನರದು. ಶನಿವಾರದ ಭಜನೆ ಅವರ ಮನೆಯಲ್ಲೇ ನಡೆಯುತ್ತಿತ್ತು, ನಾನೂ ತಪ್ಪದೆ ಹೋಗುತ್ತಿದ್ದೆ. ಗಿಡ ಕೀಳಿಸಿ ಎಂದು ಅಕ್ಕ ಕೇಳಿದಾಗಲೆಲ್ಲ ಅವರು ನಗುತ್ತಲೇ, "ಗಿಡದಿಂದಲ್ಲಮ್ಮ, ನಿನ್ನ ಇದ್ದಿಲು ಹೊಗೆಯಿಂದ ಕೆಮ್ಮು. ಮೊದಲು ಗಾಡಿ ತೆಗಿ" ಅನ್ನುತ್ತಿದ್ದರು. ಅವರಿಗೆ ಸೈಟು ಮಾರಬೇಕಿತ್ತು, ಅದರ ಬಾಯಲ್ಲೇ ಗಾಡಿ ನಿಂತಿದ್ದರೆ ನೋಡಲು ಬಂದವರು ಮೂಗು ಮುರಿಯುತ್ತಿದ್ದರು.

ಆ ವರ್ಷ ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುವ ಮೇಡಂ ಒಬ್ಬರು ನಮ್ಮ ಬೀದಿಗೆ ಬಂದರು. ಗಾಳಿಯಲ್ಲಿ ಹಾರುವ ಹೂವಿನ ಪುಡಿಯನ್ನು ಅಳೆಯುವುದು ಅವರ ಕೆಲಸ. ಮಹಡಿ ಮೇಲೆ ಯಂತ್ರ ಇಟ್ಟರೆ ಊರಿನ ಗಾಳಿ ಗೊತ್ತಾಗುತ್ತದೆ, ಒಬ್ಬ ಮನುಷ್ಯ ಎಷ್ಟು ಎಳೆದುಕೊಳ್ಳುತ್ತಾನೆಂದು ತಿಳಿಯಬೇಕಾದರೆ ಅವನ ಮೂಗಿನ ಹತ್ತಿರವೇ ಅಳೆಯಬೇಕು ಎಂದರು. ಅದಕ್ಕೆಂದೇ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ ತಂದಿದ್ದರು. ಅದು ಗಾಳಿ ಎಳೆದುಕೊಂಡರೆ ಒಳಗಿನ ಅಂಟಿಗೆ ಪುಡಿ ಮೆತ್ತಿಕೊಳ್ಳುತ್ತದೆ. ದಿನವೆಲ್ಲ ಹೊರಗೆ ನಿಲ್ಲುವ ಅಕ್ಕ ವಾರವಿಡೀ ಅದನ್ನು ಭುಜಕ್ಕೆ ಸಿಕ್ಕಿಸಿಕೊಂಡಿರಬೇಕು.

"ಇದರ ಮೇಲೆ ಏನೂ ಮುಚ್ಚಬಾರದು" ಎಂದು ಮೇಡಂ ಎಲ್ಲರೆದುರಿಗೇ ಹೇಳಿದರು. ಯಜಮಾನರೂ ಅಲ್ಲೇ ಇದ್ದರು. "ಗಿಡದಿಂದಲೇ ಕೆಮ್ಮು ಅಂತ ಡಬ್ಬಿ ಹೇಳಿದ್ರೆ ನಾನೇ ಕೀಳಿಸ್ತೀನಿ, ಇಲ್ಲ ಅಂದ್ರೆ ಗಾಡಿ ಹೋಗ್ಬೇಕು. ಒಪ್ಪಿಗೇನಾ?" ಎಂದರು. ಅಕ್ಕ ಸಂತೋಷದಿಂದ ಒಪ್ಪಿದಳು.

ಅದೇ ಸಂಜೆ ನಾನು ಬಟ್ಟೆ ತರಲು ಹೋದಾಗ ಯಜಮಾನರು ಗಾಡಿಯ ಹತ್ತಿರ ನಿಂತಿದ್ದರು. "ಗಂಡಸರು ಓಡಾಡೋ ಜಾಗ ಕಣಮ್ಮ. ಎಲ್ಲರೂ ನಿನ್ನ ಭುಜಾನೇ ನೋಡ್ತಾವ್ರೆ. ಸೆರಗು ಹೊದ್ಕೊ. ತೆಳ್ಳಗಿನ ಬಟ್ಟೆ, ಏನೂ ಆಗಲ್ಲ, ನಾನೇ ಮೇಡಂನ ಕೇಳಿದ್ದೀನಿ." ಭಜನೆ ಹೇಳಿಕೊಡುವ ಬಾಯಿ... ನಂಬದೆ ಇರುವುದು ಹೇಗೆ? ಅಕ್ಕ ನಾಚಿ, ಆವತ್ತಿನಿಂದ ಎರಡೂ ಭುಜ ಮುಚ್ಚಿ ಸೆರಗು ಹೊದ್ದೇ ಕೆಲಸ ಮಾಡಿದಳು.

ಡಬ್ಬಿ ಕಾಲೇಜಿಗೆ ಹೋಯಿತು. ಕೆಲವು ದಿನಗಳಾದ ಮೇಲೆ ಮೇಡಂ ಹುಬ್ಬು ಗಂಟಿಕ್ಕಿಕೊಂಡೇ ಬಂದರು. ಯಜಮಾನರೂ ಬೀದಿಯವರೂ ಗಾಡಿಯ ಸುತ್ತ ಸೇರಿದರು. ಇಷ್ಟು ಹೂವಿನ ನಡುವೆ ನಿಂತವಳ ಡಬ್ಬಿಯಲ್ಲಿ ಪುಡಿಯೇ ಇಲ್ಲವೆನ್ನುವಷ್ಟು ಕಡಿಮೆ. ಹೇಗೆ ಹಾಕಿಕೊಂಡಿದ್ದಿರಿ ಎಂದು ಕೇಳಿದರು. ಅಕ್ಕ ಸೆರಗು ಹೊದ್ದು ತೋರಿಸಿದಳು. "ನೀವು ಒಪ್ಪಿದ್ರಂತಲ್ಲ ಮೇಡಂ."

"ನನ್ನನ್ನ ಯಾರೂ ಕೇಳಲೇ ಇಲ್ಲ."

ಅಕ್ಕ ಹೊದ್ದ ಸೆರಗನ್ನು ಸರಿಸಿ ನಕ್ಕಳು. "ಹಂಗಾದ್ರೆ ವಾರವೆಲ್ಲ ನನ್ನ ಸೆರಗಿನೊಳಗಿನ ಗಾಳಿ ಅಳೆದ್ರಾ? ಅದು ಒಳ್ಳೇ ಗಾಳೀನೇ ಬಿಡಿ. ಏಂ ಚೇಯಾಲಿ, ಏನ್ ಮಾಡೋದು..." ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ.

ಯಜಮಾನರು ಮಾತ್ರ, "ಅಳತೆ ಅಂದ್ಮೇಲೆ ಅಳತೆ. ಸೋತ ಮೇಲೆ ಸೆರಗಿನ ಕತೆ ಹೇಳಬಾರದು" ಎಂದರು. ನಾನು ತಡೆಯಲಾರದೆ, "ನೀವೇ ಅಲ್ವಾ ಹೊದ್ಕೊ ಅಂದಿದ್ದು? ನಾನೇ ಕೇಳಿಸ್ಕೊಂಡೆ" ಎಂದೆ. "ಹೆಂಗಸಿನ ಮಾನದ ವಿಷಯ ಬೀದೀಲಿ ಯಾಕಮ್ಮ" ಎಂದು ಅದೇ ನಗು ನಕ್ಕರು. ಆ ನಗು ನೆನೆದರೆ ಇಂದಿಗೂ ಬಾಯಿ ಮುಕ್ಕಳಿಸಬೇಕೆನಿಸುತ್ತದೆ. ನಿಂತಿದ್ದವರು ಒಬ್ಬೊಬ್ಬರಾಗಿ ಮನೆಯೊಳಗೆ ಹೋದರು. ಹೂವಿನ ಕಾಲ ಮುಗಿಯುತ್ತಿದೆ, ಮುಂದಿನ ಮಳೆಗೆ ಬಂದು ಮತ್ತೆ ಅಳೆಯುತ್ತೇನೆಂದು ಮೇಡಂ ಅಕ್ಕನ ಕೈಹಿಡಿದು ಹೇಳಿದರು.

ಒಪ್ಪಿದ ಮಾತಿನಂತೆ ಗಾಡಿ ಹೋಯಿತು. ಅಕ್ಕ ಬಸ್ ನಿಲ್ದಾಣದ ಹಿಂದಿನ ಮೋರಿ ಪಕ್ಕದಲ್ಲಿ ಸ್ವಲ್ಪ ಕಾಲ ನಿಂತಳು, ಅಲ್ಲಿ ಗಿರಾಕಿಗಳೇ ಇಲ್ಲ. ಕೊನೆಗೆ ಗೌರಿಬಿದನೂರಿನ ತಂಗಿಯ ಮನೆ ಸೇರಿದಳು. ಮುಂದಿನ ಮಳೆ ಬರುವ ಮುಂಚೆಯೇ, ಉಸಿರು ಸಿಕ್ಕದೆ... ತಂಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಅಷ್ಟಾದರೂ ದೇವರು ಕರುಣಿಸಿದ.

ಸುದ್ದಿ ಬಂದ ಶನಿವಾರ ಭಜನೆಯ ಮಧ್ಯೆ ಯಜಮಾನರು ತಾಳ ಕೆಳಗಿಟ್ಟು, "ಪಾಪ, ಮಾನವಂತ ಹೆಂಗಸು" ಎಂದರು. ಕಣ್ಣು ಬೇರೆ ಒರೆಸಿಕೊಂಡರು. ಆ ಹೇಸಿಗೆಯನ್ನು ನೋಡಲಾರದೆ ಮಂಗಳಾರತಿಗೂ ಕಾಯದೆ ಎದ್ದು ಬಂದೆ. ಮತ್ತೆ ಆ ಮೆಟ್ಟಿಲು ಹತ್ತಿಲ್ಲ. ಸ್ವಾಮಿ ನನ್ನ ಅಡುಗೆಮನೆಯ ಗೂಡಿನಲ್ಲೂ ಇದ್ದಾನೆ, ನನಗೆ ಅಷ್ಟು ಸಾಕು.

ಮೇಡಂ ಮಾತು ತಪ್ಪಲಿಲ್ಲ. ಮಳೆ ಹಿಡಿದ ಮೇಲೆ ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದು ಅಕ್ಕ ಎಲ್ಲಿ ಎಂದು ಕೇಳಿದರು. ಹೇಳಿದೆ. ಬಹಳ ಹೊತ್ತು ಕೂತಿದ್ದರು, ಕೊಟ್ಟ ಕಾಫಿ ಆರಿಹೋಯಿತು. ಈಗಲೂ ವರ್ಷ ವರ್ಷ ಬರುತ್ತಾರೆ. ಸೈಟು ಮಾರಾಟವಾಗಿಲ್ಲ. ಈ ಸಲ ಡಬ್ಬಿ ಹಿಡಿದು ಬಂದಾಗ, "ಈಗ ಇಲ್ಲಿ ದಿನವೆಲ್ಲ ಹೊರಗೆ ನಿಲ್ಲೋರು ಯಾರಿದ್ದಾರಮ್ಮ?" ಎಂದು ಕೇಳಿದರು.

ಯಾರೂ ಇಲ್ಲ ಎಂದೆ. ಎದುರಿಗೆ ಗಿಡ ಎದೆಯೆತ್ತರ ಬೆಳೆದು ಬೆಳ್ಳಗೆ ಹೂ ಬಿಟ್ಟಿತ್ತು.