ಮೆಟ್ಟಿಲ ಮೇಲಿನ ದೊಡ್ಡಮ್ಮ

ಮನೆಯಲ್ಲಿ ಏನಾದರೂ ಕಳುವಾದರೆ ದೊಡ್ಡಮ್ಮ ಕೂಗಾಡುವವರಲ್ಲ. ಕೆಲಸಕ್ಕೆ ಬಂದವನು ಬಡಗಿಯಿರಲಿ, ಬಣ್ಣದವನಿರಲಿ, "ಇಲ್ಲೇ ಎಲ್ಲೋ ಇರುತ್ತೆ, ಸ್ವಲ್ಪ ಹುಡುಕಿಡಪ್ಪ" ಎಂದು, ಮನೆಯವರನ್ನೆಲ್ಲ ಹೊರಗೆ ಕಳಿಸಿ, ಕದ್ದವರಿಗೇ ಮನೆ ಒಪ್ಪಿಸಿ, ತಾವು ಮೆಟ್ಟಿಲ ಮೇಲೆ ಕೂರುತ್ತಾರೆ. ಬೆಳ್ಳಿ ಲೋಟವಷ್ಟೇ ಅಲ್ಲ, ಕಳೆದದ್ದೇ ಗೊತ್ತಿರದ ಇಸ್ತ್ರಿಪೆಟ್ಟಿಗೆಯೂ ಹೀಗೆ ಮರಳಿದ್ದುಂಟು. ಈ ಸಲ ಹೋದದ್ದು ಕಪಾಟಿನಲ್ಲಿಟ್ಟಿದ್ದ ಅವರ ತಾಯಿಯ ಕಿವಿಯೋಲೆ. ಒಳಗಿದ್ದವಳು ಬಹುಕಾಲದಿಂದ ಪಾತ್ರೆ ತೊಳೆಯುವಾಕೆ. "ಪೊಲೀಸರಿಗೆ ಹೇಳೋಣಮ್ಮ" ಎಂದ ಮಗನಿಗೆ, "ಸುಮ್ನಿರೋ. ನನಗೆ ಓಲೆನೂ ಬೇಕು, ಅವಳೂ ಬೇಕು" ಎಂದರು. ಬಿಸಿಲು ನೆತ್ತಿಗೇರಿದರೂ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಆಕೆಯೇ ಬಾಗಿಲಿಗೆ ಬಂದು, ತಲೆ ತಗ್ಗಿಸಿ, "ಒಳಗೆ ಬನ್ನಿ ಅಮ್ಮಾ, ಬಿಸಿಲು" ಎಂದಳು. ಆಕೆ ಕೆಲಸ ಮುಗಿಸಿ ಹೊರಡುವವರೆಗೂ ದೊಡ್ಡಮ್ಮ ಕಪಾಟಿನತ್ತ ನೋಡಲಿಲ್ಲ. ಓಲೆ ಅಲ್ಲಿತ್ತು, ವರ್ಷಗಳ ಜಿಡ್ಡೆಲ್ಲ ಹೋಗುವಂತೆ ಆಕೆ ಅದನ್ನು ತೊಳೆದು, ಒರೆಸಿ ಇಟ್ಟಿದ್ದಳು.