ಚೊಚ್ಚಲ ಕೂಸು, ಮೂರನೆಯ ಬಸಿರು

ಸಿನೆಮಾಕ್ಕೆ ಹೊರಟಾಗಲೂ ನನ್ನ ಚೀಲದಲ್ಲಿ ಹುರಿದ ಶೇಂಗಾ, ನೀರಿನ ಬಾಟಲಿ, ಮಡಿಚಿದ ಕರವಸ್ತ್ರ ತಂತಮ್ಮ ಜಾಗದಲ್ಲೇ ಇರಬೇಕು. ಮುಖ್ಯೋಪಾಧ್ಯಾಯಿನಿಯಾಗಿ ಗಂಟೆಗೆ ಸರಿಯಾಗಿ ಬದುಕಿದ ಶಿಸ್ತಿಗೆ ನಿವೃತ್ತಿ ಎಂಬುದಿಲ್ಲ ನೋಡಿ. ಕಳೆದ ಭಾನುವಾರ ಸಿಂದಗಿಯ ಟಾಕೀಜಿಗೆ ಬಾಗಿಲು ತೆರೆಯುವ ಮೊದಲೇ ಹೋಗಿ, ಇಬ್ಬರು ಸೊಸೆಯರ ನಡುವೆ ಗೋಡೆಯಂತೆ ಕುಳಿತೆ. ಎಡಕ್ಕೆ ಹಿರಿಯವಳು ಗಂಗವ್ವ. ಹೂವಿನ ಹಿಪ್ಪರಗಿಯ ಒಕ್ಕಲುತನದ ಮನೆಯವಳು, ಮಾತು ಕುಡುಗೋಲು. ಬಲಕ್ಕೆ ಕಿರಿಯವಳು ಸುಧಾ. ತವರು ಮುದ್ದೇಬಿಹಾಳ, ಇಂಡಿ ಊರಿನ ಬ್ಯಾಂಕಿನಲ್ಲಿ ನೌಕರಿ, ಮಾತೆಲ್ಲ ಅಳೆದು ತೂಗಿ.

ಈ ನೆಗೆಣ್ಣಿಯರು ಒಬ್ಬರ ಒಗ್ಗರಣೆಯನ್ನು ಇನ್ನೊಬ್ಬರು ಹೊಗಳಿದ್ದನ್ನು ನಾನು ಕೇಳಿದವಳಲ್ಲ. ಆದರೆ ಸುಧಾಳ ಗರ್ಭ ಕೂಸನ್ನು ತಾಳದು ಎಂದು ವೈದ್ಯರು ಹೇಳಿದಾಗ, ಎರಡು ಮಕ್ಕಳ ತಾಯಿ ಗಂಗವ್ವ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, "ನಾ ಹೊರತೇನಿ ತಗೋ, ನನಗೇನ್ ಹೊಸಾದ?" ಎಂದುಬಿಟ್ಟಿದ್ದಳು. ಕಾನೂನು, ಆಸ್ಪತ್ರೆ ಎಲ್ಲವೂ ಕ್ರಮವಾಗಿ ಮುಗಿದು, ಸುಧಾಳ ಕೂಸು ಈಗ ಗಂಗವ್ವನ ಹೊಟ್ಟೆಯಲ್ಲಿ ಬೆಳೆಯುತ್ತಿದೆ.

ಚಿತ್ರವೂ ಅದೇ ಕಥೆಯದು, ನಗೆಯದು: ಸೊಂಟಕ್ಕೆ ದಿಂಬು ಕಟ್ಟಿಕೊಂಡು ಊರನ್ನು ನಂಬಿಸುವ ಬ್ಯೂಟಿ ಪಾರ್ಲರಿನ ಒಡತಿ, ಅವಳ ಕೂಸನ್ನು ಹೊತ್ತ ಖಾನಾವಳಿಯ ಹೆಂಗಸು. ಒಬ್ಬಳು ಸೊಪ್ಪಿನ ರಸ ಕುಡಿಸಲು ಬಂದರೆ ಇನ್ನೊಬ್ಬಳು ಸೆರಗಿನಡಿ ಮಿರ್ಚಿ ಭಜಿ ಮುಚ್ಚಿಡುತ್ತಾಳೆ.

"ಬಾಡಿಗಿ ತಾಯಿ ಅಂತಾರಲ್ರಿ ಅತ್ತಿ," ಗಂಗವ್ವ ಕತ್ತಲಲ್ಲೇ ಕೇಳಿದಳು, "ನನಗ ಯಾರ್ ಕೊಟ್ಟಾರ ಬಾಡಿಗಿ?"

"ಕೂಸು ಮನಿ ಖಾಲಿ ಮಾಡಲಿ, ಎಲ್ಲಾ ಬಾಡಿಗಿ ಕೂಡೇ ಕೊಡತೇನಿ," ಎಂದಳು ಸುಧಾ. ಮುಂದಿನ ಸಾಲಿನವರೂ ತಿರುಗಿ ನಕ್ಕರು. ಅಳೆದು ತೂಗುವ ಆ ಹುಡುಗಿಗೆ ಈ ತುಂಟತನ ಎಲ್ಲಿಂದ ಬಂತು ಎಂದು ನಾನು ಬೆರಗಾಗಿ ಕೂತೆ.

ಆಮೇಲೆ ಬಂತು ಕುಬಸದ, ಅದೇ ಸೀಮಂತದ, ದೃಶ್ಯ. ಒಡತಿ ಹಸಿರು ಸೀರೆಯಲ್ಲಿ ಕುರ್ಚಿಯೇರಿದ್ದಾಳೆ, ಹೆಂಗಸರು ಆರತಿ ಎತ್ತುತ್ತಿದ್ದಾರೆ, ದಿಂಬು ಜಾರಿ ಆರತಿ ತಟ್ಟೆಗೇ ಬೀಳುತ್ತದೆ! ಟಾಕೀಜಿನ ಸೂರು ಹಾರಿಹೋಗುವಂತೆ ನಗೆ. ನಾನೂ ಕಣ್ಣೊರೆಸಿಕೊಂಡು ನಕ್ಕೆ. ಪಕ್ಕಕ್ಕೆ ನೋಡಿದರೆ ಸುಧಾಳ ಕಣ್ಣೂ ಒದ್ದೆ, ಆದರೆ ಅವಳು ನಗುತ್ತಿರಲಿಲ್ಲ.

ನಮ್ಮಲ್ಲಿ ಕುಬಸ ಚೊಚ್ಚಲ ಬಸಿರಿಗೆ ಮಾತ್ರ. ತವರಿನವರು ಹಸಿರು ಸೀರೆ, ಬಳೆ ತಂದು ಉಡಿ ತುಂಬುತ್ತಾರೆ. ಗಂಗವ್ವನಿಗೆ ಇದು ಮೂರನೆಯದು, ಆದ್ದರಿಂದ ಕುಬಸವಿಲ್ಲ ಎಂದು ನಾನು ತೀರ್ಮಾನಿಸಿ ಆಗಿತ್ತು. ನಿಯಮ ಸರಿಯಾಗಿಯೇ ಇತ್ತು, ಆದರೆ ನಾನು ಎಣಿಸಿದ್ದು ಬಸಿರನ್ನು, ಕೂಸನ್ನಲ್ಲ. ಸುಧಾಳ ಮೊದಲ ಕೂಸು, ಒಂದು ಹಸಿರು ಬಳೆಯ ಸದ್ದೂ ಇಲ್ಲದೆ ಹುಟ್ಟಿಬರುವುದರಲ್ಲಿತ್ತು. ಬಸಿರು ತನ್ನದಲ್ಲದ ಮೇಲೆ ಅವಳು ಯಾವ ಹಕ್ಕಿನಿಂದ ಬಾಯಿಬಿಟ್ಟು ಕೇಳಿಯಾಳು, ನೀವೇ ಹೇಳಿ.

ಗಂಗವ್ವ ನನ್ನ ಮಡಿಲ ಮೇಲಿಂದಲೇ ಕೈ ಚಾಚಿ ಸುಧಾಳ ಮೊಣಕೈ ತಿವಿದಳು. "ಅಳಾಕತ್ತೀ ಏನ? ಅತ್ತಿ, ಸ್ವಲ್ಪ ಅತ್ಲಾಗ ಸರೀರಿ." ನಾನು ಎದ್ದು ಅವಳ ಕುರ್ಚಿಗೆ ಹೋದೆ. ಗೋಡೆ ಬಿದ್ದದ್ದೇ ತಡ, ಉಳಿದ ಚಿತ್ರವನ್ನು ಇಬ್ಬರೂ ನೋಡಿದ್ದಕ್ಕಿಂತ ಪಿಸುಗುಟ್ಟಿದ್ದೇ ಹೆಚ್ಚು.

ಹೊರಬರುತ್ತಲೇ ಗಂಗವ್ವ ಘೋಷಿಸಿದಳು, "ಅತ್ತಿ, ಕುಬಸಾ ಮಾಡೂದ. ಕೂಸು ಚೊಚ್ಚಲ ಐತಿ."

ನನ್ನ ಮನಸ್ಸು ಆಗಲೇ ಒಪ್ಪಿಬಿಟ್ಟಿತ್ತು. ಆದರೂ ಬಾಯಿಗೆ ಹಳೆಯ ಅಭ್ಯಾಸ. "ಮೂರನೇ ಬಸಿರಿಗೆ ಕುಬಸಾ ಅಂದ್ರ ಊರ ಮಂದಿ ನಗತಾರವ್ವ."

"ನಗಲಿ ಬಿಡ್ರಿ. ನಾವು ರೊಕ್ಕಾ ಕೊಟ್ಟು ನಕ್ಕೀವಿ, ಅವರು ಪುಕ್ಕಟ ನಗಲಿ."

"ಹಂಗಾರ ಮಾಡೂಣು," ಎಂದೆ. ಸುಧಾ ಅಷ್ಟರಲ್ಲೇ ಮುದ್ದೇಬಿಹಾಳಕ್ಕೆ ಫೋನು ಹಚ್ಚಿದ್ದಳು. "ಅವ್ವಾ, ಕುಬಸಾ ತಗೊಂಡು ಬರ್ರಿ. ಹೂಂ, ಚೊಚ್ಚಲ ನಂದ. ಸೀರಿ ಉಡಾಕಿ ಗಂಗಕ್ಕ."

ಗಂಗವ್ವ ಫೋನಿಗೆ ಬಾಯಿ ತಂದು ಕೂಗಿದಳು: "ಇಳಕಲ್ಲ ಸೀರಿನ ಇರಲ್ರಿ ಅವ್ವಾರ, ದಡಿ ಅಗಲ ಇರಲಿ!"