ಜೇನು ಉಂಡ ಮೇಲಿನ ಪೂಜೆ

ನಮ್ಮ ಸೀಮೆಯಲ್ಲಿ ಸಸ್ಯಶಾಸ್ತ್ರ ಕಲಿಸಿದವರು ಹಲವರಿದ್ದಾರೆ. ಗಿಡದ ಮುಂದೆ ಸುಮ್ಮನೆ ಕೂರುವುದನ್ನು ಕಲಿಸಿದವರು ಪದ್ಮಾವತಿ ಮೇಡಂ ಒಬ್ಬರೇ. ಲಿಂಗಸುಗೂರಿನಲ್ಲಿ ಉಪನ್ಯಾಸಕಿಯಾಗಿ ಆರಂಭಿಸಿ, ಸಿಂಧನೂರಿನ ಕಾಲೇಜಿನಿಂದ ಈ ವರ್ಷ ನಿವೃತ್ತರಾದ ಅವರ ಸೇವೆಯನ್ನು ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ಅವರ ವಿದ್ಯಾರ್ಥಿಯಾದ ನಾನು ಮಸ್ಕಿಯ ಅವರ ಹಿತ್ತಲಿನ ತುಂಬೆ ಗಿಡವನ್ನಷ್ಟೇ ನೆನೆಯುತ್ತೇನೆ.

ಅವರ ಅತ್ತೆ ಬಸವಣ್ಣೆಮ್ಮನವರು ತುರ್ವಿಹಾಳದ ಮಗಳು. ಶ್ರಾವಣ ಸೋಮವಾರಗಳಲ್ಲಿ ಬದುವಿನ ತುಂಬೆ ಹೂವನ್ನೇ ಶಿವನಿಗೆ ಏರಿಸಿ ಬೆಳೆದವರು. ಗದ್ದೆಗಳಿಗೆ ಕಳೆನಾಶಕ ಬಂದ ಮೇಲೆ ಬದುವಿನ ತುಂಬೆ ಹೋಯಿತು. ಪೇಟೆಯ ಸೇವಂತಿಗೆ ಏರಿಸುವ ಮುಂಚೆ ಆ ಹಿರಿಯರು ಬುಟ್ಟಿಯಲ್ಲಿ ತುಂಬೆಯನ್ನೇ ಹುಡುಕುತ್ತಿದ್ದರು. ಅದನ್ನು ಗಮನಿಸಿದ ಮೇಡಂ, ಮಳೆಯನ್ನೇ ನಂಬಿದ ಗುರುಗುಂಟಾದ ಹೊಲಗಳಿಂದ ಒಣಗಿದ ತುಂಬೆಯ ಹೂಗೊಂಡೆಗಳನ್ನು ಬೀಜಕ್ಕೆಂದು ತಂದರು.

ಮೊದಲ ವರ್ಷ ಸಹಾಯಕ್ಕೆ ಬಂದವನು ನನ್ನ ಸಹಪಾಠಿ ದುರುಗೇಶ, ಕಾಲುವೆ ಸೀಮೆಯ ರೈತನ ಮಗ. ಬೀಜವನ್ನು ಆಳಕ್ಕೆ ಹೂತು, ಸುತ್ತ ಒಡ್ಡು ಕಟ್ಟಿ, ಮಡಿ ತುಂಬ ನೀರು ನಿಲ್ಲಿಸಿದ.

"ಏ ದುರುಗೇಶ, ಭತ್ತ ನಾಟಿ ಮಾಡಾಕತ್ತೀಯೇನೋ?" ಎಂದರು ಮೇಡಂ.

"ನೀರು ಕಂಡ್ರ ಕೈ ತಡಿಯಂಗಿಲ್ರೀ ಮೇಡಂ!"

ಬೀಜ ಕೊಳೆಯಿತು. ಮೇಡಂ ಗದರಲಿಲ್ಲ; ಮರುವರ್ಷವೂ ಅವನನ್ನೇ ಕರೆದರು. ಆ ಸಲ ಮೊದಲ ಮಳೆಗೆ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ, ಮುಚ್ಚದೆ ಬಿಟ್ಟರು. ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ; ಗೊಂಡೆಗಳನ್ನು ಒಣಹಾಕಿದಾಗ ಬೀಜ ಉದುರಿದ್ದ ಮನೆಯ ಕಾಲುದಾರಿಯ ತುಂಬ ಗಿಡ! ಗಿಡ ತುಳಿಯದಂತೆ ಮನೆಯವರೆಲ್ಲ ಗೋಡೆಗೆ ಆತುಕೊಂಡು ನಡೆದರು.

ಶ್ರಾವಣಕ್ಕೆ ಹೂ ಬಂತು. ಬುಟ್ಟಿ ಹಿಡಿದು ಬಂದ ಬಸವಣ್ಣೆಮ್ಮನವರು ಗಿಡದ ಮುಂದೆ ನಿಂತುಬಿಟ್ಟರು.

"ಒಂದು ಮಳಿಗಾಲದ ಗಿಡ ಇದು. ಹೂ ಹರಕೊಂಡ್ರ ಬರೋ ವರ್ಷಕ್ಕ ಬೀಜ ಎಲ್ಲಿಂದವ್ವ?"

"ಗೊಂಡೆ ಮುರೀಬ್ಯಾಡ್ರೀ ಅತ್ತಿ. ಜೇನು ಬಂದು ಹೋಗ್ಲಿ, ಆಮ್ಯಾಲ ಬಿಳಿ ಎಸಳಷ್ಟ ಬಿಡಿಸ್ರಿ. ಬೀಜ ಹಸಿರು ಬಟ್ಟಲದಾಗ ಉಳೀತಾವ."

"ಜೇನು ಎಂಜಲ ಮಾಡಿದ್ದು ಶಿವಗ?"

ಮೇಡಂ ಅತ್ತೆಯನ್ನು ಗಿಡದ ಮುಂದೆ ಕೂರಿಸಿದರು. ಪಾಠದಲ್ಲೂ ಅವರು ಹೀಗೆಯೇ. ಪ್ರಶ್ನೆ ಕೇಳಿದವರೊಳಗೇ ಉತ್ತರ ಹುಟ್ಟಲೆಂದು ಕಾಯುವವರು. ಅತ್ತೆ ಬಹಳ ಹೊತ್ತು ಜೇನುಗಳನ್ನೇ ನೋಡಿ ನಕ್ಕರು.

"ಉಣ್ಲಿ ಬಿಡು. ಮನ್ಯಾಗ ಸಣ್ಣವರು ಉಂಡ ಮ್ಯಾಲ ಅಲ್ಲೇನು ಹಿರೇರು ಉಣ್ಣೋದು?"

ಅಂದಿನಿಂದ ಆ ಮನೆಯ ಸೋಮವಾರದ ಪೂಜೆ ಜೇನು ಬಂದು ಹೋಗಿ ಬಿಸಿಲೇರಿದ ಮೇಲೆಯೇ. ಬೀಳ್ಕೊಡುಗೆಯ ದಿನ ಹಾರ ಹಿಡಿದು ಅವರ ಮನೆಗೆ ಹೋದ ನಮ್ಮನ್ನೂ ಮೇಡಂ ತಡೆದು, ಗೋಡೆಗೆ ಆತುಕೊಂಡೇ ಒಳಬರಲು ಹೇಳಿದರು. ಅವರು ನೂರ್ಕಾಲ ಬಾಳಲಿ. ಪ್ರತಿ ಶ್ರಾವಣದಲ್ಲೂ ಅವರ ಮನೆಯ ದಾರಿ ನಮಗೆ ಇಷ್ಟೇ ಇಕ್ಕಟ್ಟಾಗಿರಲಿ.